ಎರಡೇ ಸೀಟಿನ ಕಾರು

ಎರಡೇ ಸೀಟು ಇರುವ ಕಾರನ್ನು ಬುದ್ಧಿ ನೆಟ್ಟಗಿರುವವರು ಯಾರಾದರೂ ಕೊಳ್ಳುತ್ತಾರೆಯೆ? 2023ರ ಬೇಸಿಗೆ ರಜೆಯಲ್ಲಿ ಮಗಳ ಮನೆಗೆಂದು ಅಮೆರಿಕಕ್ಕೆ ಹೋದ ನಾನು, ಹೋದ ನಾಲ್ಕನೆಯ ದಿನವೇ ಅವಳಿಗೆ ಹಾಕಿದ ಪ್ರಶ್ನೆ ಇದು. ಅವಳು ನಕ್ಕಳು. "ನಾನು ಕೊಳ್ತೀನಲ್ಲಮ್ಮ" ಎಂದಳು.

ಆ ನಗುವಿನಲ್ಲಿ ನನಗೆ ಕೇಳಿಸಿದ್ದು ಬೇರೆಯೇ. ನನ್ನ ಸೂಟ್‌ಕೇಸಿನಲ್ಲಿ ಹುಳಿಪುಡಿ, ಚಟ್ನಿಪುಡಿ, ಮಾವಿನಕಾಯಿ ತೊಕ್ಕಿನ ಜೊತೆಗೆ ಒಂದು ಕಂದು ಲಕೋಟೆಯೂ ಇತ್ತು. ಅದರೊಳಗೆ ಐದು ಹುಡುಗರ ಭಾವಚಿತ್ರ, ಜಾತಕ. ಮಗಳಿಗೆ ಮೂವತ್ತು. ಆರು ವಾರ ಅವಳ ಜೊತೆಗಿರುತ್ತೇನೆ, ಒಂದಲ್ಲ ಒಂದು ದಿನ ಸಮಯ ನೋಡಿ ಲಕೋಟೆ ಬಿಚ್ಚುತ್ತೇನೆ ಎಂದು ನಾನು ಲೆಕ್ಕ ಹಾಕಿಕೊಂಡಿದ್ದರೆ ಅವಳು ಹಿಂದಿನ ಸೀಟೇ ಇಲ್ಲದ ಕಾರು ಹುಡುಕುತ್ತಿದ್ದಾಳೆ! ಇದು ಕಾರಿನ ವಿಷಯವಲ್ಲ, ನನಗೆ ಕೊಡುತ್ತಿರುವ ಉತ್ತರ ಎಂದೇ ನಾನು ತಿಳಿದೆ. ಹೈಸ್ಕೂಲು ಮೇಷ್ಟ್ರಿಣಿಯರಿಗೆ ಇದೊಂದು ಕಾಯಿಲೆ. ಹುಡುಗರು ಬರೆದದ್ದಕ್ಕಿಂತ ಬರೆಯದೆ ಬಿಟ್ಟದ್ದರಲ್ಲೇ ಹೆಚ್ಚು ಅರ್ಥ ಹುಡುಕುತ್ತೇವೆ.

ನಮ್ಮ ಮನೆಯಲ್ಲಿ ಕಾರಿನ ಯೋಗ್ಯತೆ ಅಳೆಯುತ್ತಿದ್ದುದು ಅದರಲ್ಲಿ ಎಷ್ಟು ಜನ ಹಿಡಿಸುತ್ತಾರೆ ಎಂಬುದರ ಮೇಲೆ. ನಮ್ಮ ಹಳೆಯ ಮಾರುತಿ 800ರಲ್ಲಿ ಏಳು ಜನ ಕೂತು, ಕಾಲ ಬಳಿ ಪುಳಿಯೋಗರೆ ಡಬ್ಬಿ ಇಟ್ಟುಕೊಂಡು, ಮೈಸೂರಿನಿಂದ ಧರ್ಮಸ್ಥಳಕ್ಕೆ ಹೋಗಿ ಬಂದಿದ್ದೇವೆ. ಘಾಟಿಯಲ್ಲಿ ಕಾರು ಏದುಸಿರು ಬಿಟ್ಟಿತೇ ಹೊರತು ಒಳಗಿದ್ದ ನಾವಾರೂ ಇಕ್ಕಟ್ಟಾಯಿತು ಎನ್ನಲಿಲ್ಲ. ಮಗಳು ಡ್ರೈವಿಂಗ್ ಕಲಿತದ್ದೂ ಆ ಕಾರಿನಲ್ಲೇ, ಅವಳಪ್ಪನ ಬೈಗುಳದ ನಡುವೆ. ಅಂಥ ಮನೆಯ ಹುಡುಗಿ ಈಗ ಒಬ್ಬಳೇ ಕೂರುವ, ಹೆಚ್ಚೆಂದರೆ ಇನ್ನೊಬ್ಬರಿಗೆ ಜಾಗವಿರುವ ಕಾರು ಬೇಕೆನ್ನುತ್ತಾಳೆ.

ಅವಳು ಬಯಸಿದ್ದು ಮಜ್ದಾ ಕಂಪನಿಯ ಮಿಯಾಟಾ ಎಂಬ ಕಾರು. ಚಿತ್ರ ತೋರಿಸಿದಳು. ಕೆಂಪು ಬಣ್ಣ, ಗಿಡ್ಡ ಮೈ, ಹಿಂದಕ್ಕೆ ಮಡಿಸಬಹುದಾದ ಕಪ್ಪು ಬಟ್ಟೆಯ ಛಾವಣಿ. ಮುಂದಿನ ದೀಪಗಳು ಕಾಣುವುದೇ ಇಲ್ಲ, ಗುಂಡಿ ಒತ್ತಿದರೆ ರೆಪ್ಪೆ ತೆರೆದಂತೆ ಮೇಲೇಳುತ್ತವೆ. ರೇಸಿಗೆಂದು ಮಾಡಿದ ದುಬಾರಿ ಕಾರಲ್ಲ ಅಮ್ಮ, ಸಂಬಳದಾರರು ಭಾನುವಾರ ಓಡಿಸಿ ಸಂತೋಷಪಡಲಿ ಅಂತ ಮಾಡಿದ್ದು ಎಂದಳು. ಬಾಬ್ ಹಾಲ್ ಎಂಬ ಅಮೆರಿಕದ ಮೋಟಾರು ಪತ್ರಕರ್ತರೊಬ್ಬರು 1979ರಲ್ಲಿ ಮಜ್ದಾದ ಕೆನಿಚಿ ಯಮಾಮೊಟೊ ಅವರೊಡನೆ ಮಾತಾಡುವಾಗ, ಹಿಂದೆ ಬ್ರಿಟಿಷರು ಮಾಡುತ್ತಿದ್ದಂಥ ಸಣ್ಣ, ಹಗುರ, ತೆರೆದ ಕಾರನ್ನು ನೀವು ಮಾಡಬಾರದೆ ಎಂದು ಕೇಳಿದರಂತೆ. ಬ್ರಿಟಿಷರ ಆ ಕಾರುಗಳು ಚೆಂದವೇನೋ ಹೌದು, ಆದರೆ ನಿಂತಲ್ಲೆಲ್ಲ ಎಣ್ಣೆ ಸುರಿಸುತ್ತಿದ್ದವು. ಹತ್ತು ವರ್ಷ ಕಳೆದು 1989ರ ಫೆಬ್ರವರಿಯಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಈ ಕಾರು ಜನರ ಮುಂದೆ ಬಂತು. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷದ ಕಾರು ತಯಾರಾಗಿ ಹೊರಬಿತ್ತು. ಎಲ್ಲಿಂದ? ಹಿರೋಷಿಮಾದಿಂದ.

ಆ ಊರಿನ ಹೆಸರು ಕೇಳಿ ನಾನು ಕಿವಿ ನಿಮಿರಿಸಿದೆ. ಕನ್ನಡದ ಜೊತೆ ಸಮಾಜ ವಿಜ್ಞಾನವನ್ನೂ ಪಾಠ ಮಾಡುವವಳು ನಾನು. ಮೂವತ್ತು ವರ್ಷಗಳಿಂದ ಕಪ್ಪು ಹಲಗೆಯ ಮೇಲೆ '1945 ಆಗಸ್ಟ್ 6' ಎಂದು ಬರೆದು ಅಡಿಗೆರೆ ಎಳೆದಿದ್ದೇನೆ. ಆಮೇಲೆ ಆ ಊರು ಏನಾಯಿತೆಂದು ಒಂದು ದಿನವಾದರೂ ಹೇಳಿದವಳಲ್ಲ, ನನಗೂ ಗೊತ್ತಿರಲಿಲ್ಲ. ಮಜ್ದಾ ಕಾರ್ಖಾನೆ ಊರಂಚಿನ ಗುಡ್ಡದ ಮರೆಯಲ್ಲಿದ್ದುದರಿಂದ ಪೂರ್ತಿ ನಾಶವಾಗದೆ ಉಳಿಯಿತಂತೆ. ಸರ್ಕಾರಿ ಕಚೇರಿ ಸುಟ್ಟುಹೋದದ್ದರಿಂದ ಆ ಪ್ರಾಂತದ ಆಡಳಿತವೇ 1946ರವರೆಗೆ ಅದೇ ಕಾರ್ಖಾನೆಯಲ್ಲಿ ನಡೆಯಿತಂತೆ. ಬಾಂಬು ಬಿದ್ದ ವರ್ಷದ ಡಿಸೆಂಬರಿನಲ್ಲೇ ಮೂರು ಗಾಲಿಯ ಸಾಮಾನು ಗಾಡಿಗಳನ್ನು ಮತ್ತೆ ಮಾಡತೊಡಗಿದರಂತೆ. ಮಗಳು ಇದನ್ನೆಲ್ಲ ಹೇಳಿದ್ದು ನನ್ನನ್ನು ಒಲಿಸಿಕೊಳ್ಳಲು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅರ್ಧ ಒಲಿದೆ.

ಉಳಿದರ್ಧ ಬೆಲೆ ಕೇಳಿ ಹಾರಿಹೋಯಿತು. ಅವಳು ಗುರುತು ಹಾಕಿಟ್ಟುಕೊಂಡ ಕಾರು 1995ರದು. ಎಂದರೆ ಇಪ್ಪತ್ತೆಂಟು ವರ್ಷ ಹಳೆಯದು. ಕೇಳುತ್ತಿದ್ದ ಬೆಲೆ 11,500 ಡಾಲರು. ನಾನು ಅಮೆರಿಕದಲ್ಲಿದ್ದಷ್ಟು ದಿನವೂ ಮಾಡಿದ ಏಕಮಾತ್ರ ಗಣಿತವೆಂದರೆ ಎಂಬತ್ತೆರಡರಿಂದ ಗುಣಿಸುವುದು. ಒಂಬತ್ತು ಲಕ್ಷ ನಲವತ್ತಮೂರು ಸಾವಿರ! "ಆ ದುಡ್ಡಿಗೆ ನಮ್ಮೂರಲ್ಲಿ ನಾಲ್ಕು ಬಾಗಿಲಿನ ಹೊಸ ಕಾರೇ ಬರುತ್ತಲ್ಲೇ" ಎಂದೆ.

"ಅಮ್ಮ, ವರ್ಷ ನೋಡಬೇಡ, ಓಡಿರೋದು ನೋಡು. ಬರೀ 38 ಸಾವಿರ ಮೈಲಿ."

ಕಾಗದದ ಮೇಲೆ ಭಾಗಿಸಿ ನೋಡಿದೆ. ದಿನಕ್ಕೆ ನಾಲ್ಕು ಮೈಲಿಯೂ ಬೀಳುವುದಿಲ್ಲ. ನಮ್ಮ ಶಾಲೆಯ ಜವಾನ ಸೈಕಲ್ಲಿನಲ್ಲಿ ಅದಕ್ಕಿಂತ ಹೆಚ್ಚು ಓಡುತ್ತಾನೆ. ಇಂಥ ಕಾರು ಸಿಗುವುದೇ ಅಪರೂಪ, ಜನ ಮುಗಿಬೀಳುತ್ತಾರೆ, ಅದಕ್ಕೇ ಈ ಬೆಲೆ ಎಂದಳು. ಅಲ್ಲಿ ಹಳೆಯ ಕಾರಿನ ಬೆಲೆ ತಿಳಿಯಲು ಕೆಲ್ಲಿಯವರ ನೀಲಿ ಪುಸ್ತಕ ಎಂಬುದೊಂದಿದೆ. 1926ರಲ್ಲಿ ಲಾಸ್ ಏಂಜಲೀಸಿನ ಲೆಸ್ ಕೆಲ್ಲಿ ಎಂಬ ಕಾರು ವ್ಯಾಪಾರಿ, ಯಾವ ಕಾರಿಗೆ ತಾನು ಎಷ್ಟು ಕೊಡಬಲ್ಲೆ ಎಂದು ಅಚ್ಚು ಹಾಕಿಸಿದ ಪಟ್ಟಿಯಿಂದ ಶುರುವಾದದ್ದು. ಈಗ ಫೋನಿನಲ್ಲೇ ನೋಡುತ್ತಾರೆ. ಮಗಳು ಅದನ್ನೂ ನೋಡಿ, ಈಚೆಗೆ ಮಾರಾಟವಾದ ಇಂಥವೇ ಕಾರುಗಳ ಬೆಲೆಗಳನ್ನೂ ಬರೆದಿಟ್ಟುಕೊಂಡು, ಒಂದು ಪುಟ ತುಂಬಾ ಲೆಕ್ಕ ಮಾಡಿದ್ದಳು.

ನನಗೆ ನೆನಪಾದದ್ದು ನಮ್ಮ ತಾತ. ಚುಂಚನಕಟ್ಟೆಯ ದನಗಳ ಜಾತ್ರೆಗೆ ಎತ್ತು ಕೊಳ್ಳಲು ಹೋಗುವಾಗ ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಹಳ್ಳಿಕಾರ್ ಎತ್ತುಗಳ ಸಾಲು ಸಾಲು. ತಾತ ಎತ್ತಿನ ತುಟಿ ಎತ್ತಿ ಹಲ್ಲು ಎಣಿಸುವರು, ಬೆನ್ನು ಹಣೆಗಳ ಸುಳಿ ನೋಡುವರು, ನಾಲ್ಕು ಹೆಜ್ಜೆ ನಡೆಸುವರು. ಅಷ್ಟಾದ ಮೇಲೆ ದಲ್ಲಾಳಿ ಟವೆಲಿನ ಮರೆಯಲ್ಲಿ ಕೈಗೆ ಕೈ ಸೇರಿಸಿ ಬೆರಳು ಹಿಡಿದು ಬೆಲೆ ಹೇಳುವನು. ಸುತ್ತ ನಿಂತವರಿಗೆ ಗೊತ್ತಾಗಬಾರದು. ತಾತ ಮಾತ್ರ ಹಲ್ಲು ನೋಡುವ ಮೊದಲು ಯಾರ ಬೆರಳನ್ನೂ ಮುಟ್ಟುತ್ತಿರಲಿಲ್ಲ.

ಕಡಿಮೆ ಓಡಿದೆ ಎಂಬ ಮಾತು ನನಗೆ ಅಷ್ಟೇನೂ ಸಮಾಧಾನ ಕೊಟ್ಟಿರಲಿಲ್ಲ. ನಮ್ಮತ್ತೆ ಒಂದು ಜರಿ ಸೀರೆಯನ್ನು ಮದುವೆಯಲ್ಲಿ ಉಟ್ಟು, ಆಮೇಲೆ ಹಾಳಾದೀತೆಂದು ಟ್ರಂಕಿನಲ್ಲಿ ಜೋಪಾನವಾಗಿಟ್ಟಿದ್ದರು. ನಲವತ್ತು ವರ್ಷದ ಮೇಲೆ ನನಗೆ ಕೊಡಲೆಂದು ತೆಗೆದು ಬಿಡಿಸಿದರೆ ಮಡಿಕೆ ಮಡಿಕೆಗೂ ಸೀಳಿತ್ತು. ಉಟ್ಟಿದ್ದರೆ ಉಳಿಯುತ್ತಿತ್ತೇನೋ. ಇದನ್ನು ಹೇಳಿದಾಗ ಮಗಳು ಮೊದಲ ಬಾರಿಗೆ ನನ್ನತ್ತ ಗೌರವದಿಂದ ನೋಡಿದಳು. "ಸರಿಯಾಗಿ ಹೇಳ್ದೆ ಅಮ್ಮ. ರಬ್ಬರೆಲ್ಲ ಹಾಗೇ ಆಗಿರುತ್ತೆ. ನೀನೂ ಬಾ ನೋಡೋಕೆ."

ಹೀಗೆ ನಾನೂ ಹೊರಟೆ. ಮಗಳಿರುವುದು ಫ್ರೀಮಾಂಟಿನಲ್ಲಿ, ಕಾರಿದ್ದದ್ದು ಗುಡ್ಡಗಳಾಚೆಯ ಲಿವರ್‌ಮೋರ್ ಎಂಬ ಊರಿನಲ್ಲಿ. ಅವಳ ಸ್ನೇಹಿತೆಯೊಬ್ಬಳು ನಮ್ಮಿಬ್ಬರನ್ನೂ ಅಲ್ಲಿ ಬಿಟ್ಟು ಹೋದಳು. ಬಾಗಿಲು ತೆರೆದವರು ಎಂಬತ್ತರ ಆಸುಪಾಸಿನ ಮುದುಕರು, ಕಡ್ಡಿಯಂತೆ ನೆಟ್ಟಗಿದ್ದರು. ಕಾರು ತೋರಿಸುವ ಮೊದಲು ಅವರು ಕೇಳಿದ ಪ್ರಶ್ನೆ, ಗೇರು ಹಾಕಿ ಓಡಿಸಲು ಬರುತ್ತದೆಯೆ ಎಂದು. ಅಲ್ಲಿ ಬಹುಪಾಲು ಕಾರುಗಳ ಗೇರು ತಾನಾಗಿಯೇ ಬೀಳುತ್ತದೆ. ಕ್ಲಚ್ಚು ತುಳಿಯುವುದೇ ಗೊತ್ತಿಲ್ಲದ ಡ್ರೈವರುಗಳು ಬೇಕಾದಷ್ಟು ಜನ. ಮುದುಕರ ಸ್ವಂತ ಮಕ್ಕಳಿಗೇ ಬರುವುದಿಲ್ಲವಂತೆ. ಮೈಸೂರಿನಲ್ಲಿ ಕಲಿತೆ, ನಮ್ಮಪ್ಪ ಕಲಿಸಿದರು ಎಂದು ಮಗಳು ಹೇಳಿದಾಗ ಮೈಸೂರು ಎಲ್ಲಿದೆ ಎಂದು ಅವರು ಕೇಳಲಿಲ್ಲ, ಯಾವ ಕಾರು ಎಂದು ಕೇಳಿದರು.

ಗ್ಯಾರೇಜಿನಲ್ಲಿ, ಹಳೆಯ ಬೆಡ್‌ಷೀಟು ಹೊದ್ದು ಕಾರು ಮಲಗಿತ್ತು. ಹೊದಿಕೆ ತೆಗೆದಾಗ, ನಿಜ ಹೇಳುತ್ತೇನೆ, ಒಂಬತ್ತು ಲಕ್ಷ ಒಂದು ಕ್ಷಣ ಮರೆತುಹೋಯಿತು. ಅದು ಅವರ ಹೆಂಡತಿಯ ಕಾರು. ಆಕೆ ನರ್ಸ್. ರಾತ್ರಿ ಪಾಳಿ ಮಾಡಿ ಮಾಡಿ ಮಕ್ಕಳನ್ನು ಬೆಳೆಸಿ, ಕೊನೆಯ ಮಗ ಮನೆ ಬಿಟ್ಟು ಹೋದ ವರ್ಷ ತನಗಾಗಿ ಹೊಸದಾಗಿ ಕೊಂಡದ್ದಂತೆ. ಭಾನುವಾರ ಮಾತ್ರ, ಮಳೆ ಇಲ್ಲದಾಗ ಮಾತ್ರ. ಆಮೇಲೆ ಮಂಡಿ ನೋವು ಬಂದು ಕ್ಲಚ್ಚು ತುಳಿಯಲಾಗದೆ ಹೋಯಿತು ಎಂದು ಹೇಳಿ ಮುದುಕರು ಒಂದು ದಪ್ಪ ಫೈಲನ್ನು ನನ್ನ ಕೈಗೆ ಕೊಟ್ಟರು. ನಾನು ಮೇಷ್ಟ್ರಿಣಿ ಎಂದು ಅವರಿಗೆ ಹೇಗೆ ಗೊತ್ತಾಯಿತೋ ಕಾಣೆ.

ಕಾರನ್ನು ಓಡಿಸಿ ನೋಡಲು ಮಗಳು ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟಳು. ಆಗ ಗೊತ್ತಾಯಿತು ನೋಡಿ ಎರಡು ಸೀಟಿನ ಮಹಿಮೆ. ನಾನೊಬ್ಬಳೇ ಉಳಿದೆ, ಯಾರದೋ ಗ್ಯಾರೇಜಿನಲ್ಲಿ, ಮಡಚುವ ಕುರ್ಚಿಯ ಮೇಲೆ, ತೊಡೆಯ ಮೇಲೆ ಫೈಲು.

ಫೈಲು ತೆರೆದೆ. ಕೊಂಡ ದಿನದ ರಸೀದಿಯಿಂದ ಹಿಡಿದು ಎಣ್ಣೆ ಬದಲಿಸಿದ ಚೀಟಿಯವರೆಗೆ ಎಲ್ಲವೂ ತಾರೀಖಿನ ಪ್ರಕಾರ ಜೋಡಿಸಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಇಂಥ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಹೊಗೆ ತಪಾಸಣೆ ಆಗಬೇಕು. ಸ್ಮಾಗ್ ಚೆಕ್ ಎನ್ನುತ್ತಾರೆ. ಆ ವರದಿಯಲ್ಲಿ ಕಾರು ಆವರೆಗೆ ಓಡಿದ ಮೈಲಿಯನ್ನೂ ನಮೂದಿಸುತ್ತಾರೆ. ಮೀಟರು ತಿರುಗಿಸಿ ಕಡಿಮೆ ತೋರಿಸುವ ಕಳ್ಳತನ ಎಲ್ಲ ದೇಶದಲ್ಲೂ ಇದೆ. ಆದರೆ ವರ್ಷ ವರ್ಷದ ವರದಿಗಳಲ್ಲಿ ಅಂಕಿ ಮೆಟ್ಟಿಲು ಹತ್ತಿದಂತೆ ಏರುತ್ತಾ ಬಂದಿದ್ದರೆ ಮೀಟರನ್ನು ನಂಬಬಹುದು. ಹಾಜರಿ ಪುಸ್ತಕ ನೋಡಿ ಅಭ್ಯಾಸವಿದ್ದ ನಾನು ಒಂದೊಂದೇ ಅಂಕಿ ತಾಳೆ ನೋಡಿದೆ. ಮೊದಮೊದಲು ದೊಡ್ಡ ಹೆಜ್ಜೆ, ಬರಬರುತ್ತ ಸಣ್ಣ ಹೆಜ್ಜೆ, ಕೊನೆಯ ಎರಡು ವರದಿಗಳ ನಡುವೆ ಬರೀ ನೂರಹತ್ತು ಮೈಲಿ. ಆ ಹೆಂಗಸಿನ ಮಂಡಿ ನೋವು ಯಾವ ವರ್ಷ ಶುರುವಾಯಿತೆಂದು ನಾನು ಹೇಳಬಲ್ಲವಳಾಗಿದ್ದೆ.

ಫೈಲು ಮುಚ್ಚಿ ತಲೆ ಎತ್ತಿದಾಗ ಗೋಡೆಯ ಮೇಲೆ ಕ್ಯಾಲೆಂಡರು ಕಂಡಿತು. ದಿನ ಬಿಟ್ಟು ದಿನ ಒಂದು ಹೊತ್ತಿಗೆ ಗುರುತು. ಪಕ್ಕದಲ್ಲಿ ಪಿನ್ನು ಚುಚ್ಚಿದ ಬಿಲ್ಲು. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ಆಶ್ರಮದ್ದು. ಪರರ ಕಾಗದ ಓದಬಾರದೆಂದು ಮಕ್ಕಳಿಗೆ ಹೇಳುವವಳೇ ನಾನು. ಆದರೂ ಓದಿದೆ. ಕಾರು ಮಾರಿ ಬರುವ ಹಣ ಅಲ್ಲಿಗೆ ಎರಡು ತಿಂಗಳಿಗೂ ಸಾಲದು. ಅದರ ಕೆಳಗೆ, ನೆಲದ ಮೇಲೆ, ಬಿಳಿಯ ಜೊತೆ ಬೂಟು, ನರ್ಸುಗಳು ಹಾಕಿಕೊಳ್ಳುವಂಥದ್ದು. ಮುದುಕರು ಆಕೆಯ ಮಂಡಿಯ ಕಥೆ ಮಾತ್ರ ಹೇಳಿದ್ದರು.

ಕಾರು ವಾಪಸು ಬಂತು. ಮಗಳ ಕೂದಲು ಹಕ್ಕಿಗೂಡಾಗಿತ್ತು, ಮುಖ ಅರಳಿತ್ತು. ನನ್ನ ಕಣ್ಣು ಟೈರಿನ ಮೇಲೆ. ಹಿಂದಿನ ರಾತ್ರಿ ಅವಳೇ ನನಗೆ ಪಾಠ ಮಾಡಿದ್ದಳು: ಟೈರಿನ ಪಕ್ಕೆಯ ಮೇಲಿನ ಅಕ್ಷರಗಳ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತು ಕನ್ನಡಕ ಸರಿಮಾಡಿ ಓದಿದೆ. 3411. 2011ರ ಮೂವತ್ತನಾಲ್ಕನೆಯ ವಾರ. ಮೇಲಿನ ಪಟ್ಟೆ ಹೊಸದರಂತಿದೆ, ಪಕ್ಕೆಯಲ್ಲಿ ಕೂದಲೆಳೆಯ ಬಿರುಕು. ಅತ್ತೆಯ ಸೀರೆ! ತಾತ ಎತ್ತಿನ ಬಾಯಿಗೆ ಕೈ ಹಾಕಿದಾಗ ಇಂಥದೇ ಸಂತೋಷ ಆಗುತ್ತಿತ್ತೋ ಏನೋ.

ಎರಡು ದಿನದ ಮೇಲೆ ಮಗಳು ತನ್ನ ಖರ್ಚಿನಲ್ಲಿ ಕಾರನ್ನು ಬೇರೊಬ್ಬ ಮೆಕ್ಯಾನಿಕ್ಕಿಗೆ ತೋರಿಸಿದಳು. ಮಾರುವವರ ಪರಿಚಯದವನಲ್ಲದ ಮೆಕ್ಯಾನಿಕ್ಕೇ ಆಗಬೇಕು ಎಂಬುದು ಅಲ್ಲಿನ ರೂಢಿ, ಒಳ್ಳೆಯ ರೂಢಿ. ಆತ ಕಾರನ್ನು ಮೇಲೆತ್ತಿ ಹೊಟ್ಟೆಯೆಲ್ಲ ನೋಡಿದ. ಛಾವಣಿಯ ನೀರು ಹರಿದುಹೋಗಲು ಸೀಟಿನ ಹಿಂದೆ ತೂತುಗಳಿರುತ್ತವೆ. ಅವು ಕಸ ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ತಗಡಿಗೆ ಇಳಿದು ತುಕ್ಕು ಹಿಡಿಯುತ್ತದೆ. ಇಲ್ಲಿ ತುಕ್ಕಿಲ್ಲ. ಎಂಜಿನ್ನು ಚೆನ್ನಾಗಿದೆ. ಆದರೆ ಎಂಜಿನ್ನಿನೊಳಗಿನ ಹಲ್ಲಿನ ರಬ್ಬರು ಪಟ್ಟಿ, ಟೈಮಿಂಗ್ ಬೆಲ್ಟು, ಕಾರ್ಖಾನೆಯಿಂದ ಬಂದದ್ದೇ. ಅರುವತ್ತು ಸಾವಿರ ಮೈಲಿಗೆ ಬದಲಿಸಬೇಕು ಎಂದು ಪುಸ್ತಕದಲ್ಲಿದೆ. ಅಷ್ಟು ಓಡಲೇ ಇಲ್ಲ, ಯಾರೂ ಬದಲಿಸಲಿಲ್ಲ. ಇಪ್ಪತ್ತೆಂಟು ವರ್ಷದ ರಬ್ಬರು ಯಾವತ್ತು ಕಿತ್ತು ನಡುದಾರಿಯಲ್ಲಿ ನಿಲ್ಲಿಸುತ್ತದೋ ಹೇಳುವಂತಿಲ್ಲ. ಬೆಲ್ಟು, ಜೊತೆಗೆ ಅದರ ಮಗ್ಗುಲಿನ ವಾಟರ್ ಪಂಪು, ಕೂಲಿ ಸೇರಿ 900 ಡಾಲರು. ನಾಲ್ಕು ಟೈರಿಗೆ 500.

ಮಾರನೆಯ ದಿನ ಮುದುಕರ ಅಡುಗೆಮನೆಯ ಮೇಜಿನ ಮೇಲೆ ಮಗಳು ಆ ಚೀಟಿಯನ್ನು ಇಟ್ಟಳು. ಹನ್ನೊಂದೂವರೆ ಸಾವಿರದಲ್ಲಿ ಹದಿನಾಲ್ಕು ನೂರು ಕಳೆದು 10,100 ಎಂದು ಬರೆದು ಅವರ ಕಡೆ ತಿರುಗಿಸಿದಳು. ನನ್ನ ಎದೆ ಧಸಕ್ಕೆಂದಿತು. ದೇವರಾಜ ಮಾರುಕಟ್ಟೆಯಲ್ಲಿ ಮಾರು ಮಲ್ಲಿಗೆಗೆ ಐದು ರೂಪಾಯಿ ಇಳಿಸಲು ಕಾಲು ಗಂಟೆ ನಿಲ್ಲುವವಳು ನಾನು, ಹೇಳಿದ ಬೆಲೆ ಕೊಟ್ಟು ಬರಬೇಡ ಎಂದು ಮನೆಯಲ್ಲಿ ಅವಳಿಗೆ ನಾನೇ ಹೇಳಿಕೊಟ್ಟು ಕರೆತಂದಿದ್ದೆ. ಈಗ ಗ್ಯಾರೇಜಿನ ಗೋಡೆ ಕಣ್ಣ ಮುಂದೆ ಬಂತು. "ಪುಟ್ಟಿ, ಜಾಸ್ತಿ ಎಳೀಬೇಡ್ವೇ. ಅವರ ಹೆಂಡತಿ ಆಶ್ರಮದಲ್ಲಿದಾರೆ. ದುಡ್ಡಿನ ಅಡಚಣೆ ಇದೆ" ಎಂದೆ, ಕನ್ನಡದಲ್ಲಿ, ಹವಾಮಾನದ ಬಗ್ಗೆ ಹೇಳುವವಳ ಹಾಗೆ ಮುಖ ಮಾಡಿಕೊಂಡು.

ಅವಳು ತಲೆ ಎತ್ತದೆ, "ಗೊತ್ತಮ್ಮ, ಕಾರಲ್ಲಿ ಅವರೇ ಹೇಳಿದ್ರು. ನಾನು ಕಾರು ನೋಡ್ತಿದೀನಿ. ನೀನು ಅವರ ಮುಖ ನೋಡ್ತಿದೀಯ" ಎಂದಳು.

ಆ ಮಾತಿಗೆ ನಾನು ಎಲ್ಲಿಂದೆಲ್ಲಿಗೋ ಹೋಗಿಬಿಟ್ಟೆ. 1992. ನಮ್ಮ ಮದುವೆಯಾಗಿ ಎರಡು ವರ್ಷ. ಇವರು ಸಹಕಾರ ಸಂಘದಲ್ಲಿ ಗುಮಾಸ್ತರು. ಬ್ರಹ್ಮಚಾರಿಯಾಗಿದ್ದಾಗ ಕೂಡಿಟ್ಟ ಹಣದಲ್ಲಿ ಒಂದು ಯೆಜ್ಡಿ ರೋಡ್‌ಕಿಂಗ್ ಕೊಂಡಿದ್ದರು, ನಮ್ಮೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯದೇ. ಒದ್ದು ಸ್ಟಾರ್ಟ್ ಮಾಡುವ ಸನ್ನೆಯೇ ಮುಂದಕ್ಕೆ ಮಡಚಿದರೆ ಗೇರಿನ ಸನ್ನೆಯಾಗುವ ಗಾಡಿ. ಎರಡು ಸೈಲೆನ್ಸರು. ಬೀದಿಯ ಕೊನೆಯಲ್ಲಿ ತಿರುಗುವಾಗಲೇ ಅದರ ಸದ್ದಿಗೆ ನಾನು ಕಾಫಿಗೆ ನೀರಿಡುತ್ತಿದ್ದೆ. ಓಡಿಸುತ್ತಿದ್ದುದು ಕಡಿಮೆ, ಒರೆಸುತ್ತಿದ್ದುದೇ ಹೆಚ್ಚು. ಮೂರು ವರ್ಷದಲ್ಲಿ ನಾಲ್ಕು ಸಾವಿರ ಚಿಲ್ಲರೆ ಕಿಲೋಮೀಟರು ಓಡಿತ್ತು. ಆ ವರ್ಷ ನನಗೆ ಖಾಸಗಿ ಕಾಲೇಜೊಂದರಲ್ಲಿ ಬಿ.ಎಡ್. ಸೀಟು ಸಿಕ್ಕಿತು. ವಾರದೊಳಗೆ ಹಣ ಕಟ್ಟಬೇಕು. ಇವರು ನನ್ನನ್ನು ಒಂದು ಮಾತೂ ಕೇಳದೆ ಗಾಡಿ ಮಾರುವುದಾಗಿ ಗೊತ್ತಿದ್ದವರಿಗೆಲ್ಲ ಹೇಳಿದರು.

ಬಂದವನು ಗಾಡಿಯನ್ನು ಒಂದು ಸುತ್ತೂ ಹಾಕಲಿಲ್ಲ. ನೇರ ಒಳಗೆ ಬಂದು ಕೂತ. ನಾನು ಕಾಫಿ ತಂದಾಗ ನನ್ನನ್ನೇ ಕೇಳಿದ: "ನಾಡಿದ್ದೇ ಫೀಸು ಕಟ್ಟಬೇಕಂತಲ್ಲ, ಅಲ್ವೆ ಮೇಡಂ?" ಆಮೇಲೆ ಇವರ ಕಡೆ ತಿರುಗಿ, "ಏಳು ಸಾವಿರ. ಈಗಲೇ ಕೊಡ್ತೀನಿ" ಎಂದ. ಹತ್ತು ಸಾವಿರವಾದರೂ ಬಾಳುವ ಗಾಡಿ ಎಂದು ಬೀದಿಗೆಲ್ಲ ಗೊತ್ತಿತ್ತು. ಅದು ಎಷ್ಟು ಓಡಿದೆ ಎಂದು ಅವನು ಕೇಳಲೇ ಇಲ್ಲ. ಇವರು ಹಣ ಎಣಿಸಿಕೊಳ್ಳದೆ ಜೇಬಿಗಿಟ್ಟುಕೊಂಡರು. ಮರುದಿನದಿಂದ ಸೈಕಲ್ಲು. ಮೂರು ಸಾವಿರ ಹೋದದ್ದಕ್ಕೆ ಇವರು ಬೇಸರಪಟ್ಟರೆಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಹಣದ ವಿಷಯ ಎತ್ತಿದಾಗಲೆಲ್ಲ, "ಹೋಗ್ಲಿ ಬಿಡೇ, ಗಾಡಿ ಕಡೆ ತಿರುಗೂ ನೋಡ್ಲಿಲ್ಲ ಅವನು" ಎನ್ನುತ್ತಿದ್ದರು. ನಾನು ಆ ಮಾತನ್ನು ಸರಿಯಾಗಿ ಕೇಳಿಸಿಕೊಂಡಿರಲೇ ಇಲ್ಲ.

ಮುದುಕರು ಕನ್ನಡಕ ಹಾಕಿಕೊಂಡು ಚೀಟಿಯನ್ನು ಎರಡು ಸಲ ಓದಿದರು. ನಾನು ಹೆದರಿದ್ದಂತೆ ಅವರ ಮುಖ ಬಾಡಲಿಲ್ಲ. ಜೇಬಿನಿಂದ ಪೆನ್ಸಿಲು ತೆಗೆದರು. ಬೆಲ್ಟು ನಿಜ, ಒಪ್ಪಿದೆ ಎಂದರು. ಆದರೆ ಪಂಪು ಸೋರುತ್ತಿಲ್ಲವಲ್ಲ, ಬಿಚ್ಚಿದ್ದೇ ಬಿಚ್ಚಿದೆವು ಎಂದು ಅದನ್ನೂ ಬದಲಿಸುವುದು ನಿನ್ನ ಅನುಕೂಲಕ್ಕೆ, ಅದು ನಿನ್ನ ಖರ್ಚು ಎಂದು 150 ಹೊಡೆದುಹಾಕಿದರು. ಟೈರು ಹಳೆಯದು ಎಂದು ತನಗೂ ಗೊತ್ತು, ಬೆಲೆ ಹಾಕುವಾಗಲೇ ಅದಕ್ಕೆಂದು 200 ಇಳಿಸಿದ್ದೇನೆ ಎಂದು ಎದ್ದು ಹೋಗಿ ತಮ್ಮ ಲೆಕ್ಕದ ಕಾಗದ ತಂದು ತೋರಿಸಿದರು. ಹಾಗೇ ಬರೆದಿತ್ತು. ಮಗಳು ಸ್ವಲ್ಪ ಹೊತ್ತು ಯೋಚಿಸಿ, ಟೈರಿನ ಮಾತು ಸರಿ, ಪಂಪಿನದು ಅರ್ಧರ್ಧ ಎಂದಳು. ಅವರು ಆಗುವುದಿಲ್ಲ ಎಂದರು. ಇಬ್ಬರೂ ತಲೆಗೆ ತಲೆ ತಾಗುವಂತೆ ಆ ಚೀಟಿಯ ಮೇಲೆ ಬಗ್ಗಿದ್ದರು. ನನ್ನನ್ನು ಇಬ್ಬರೂ ಮರೆತಿದ್ದರು. ಕೊನೆಗೆ ಪಂಪು ಮಗಳ ಪಾಲಿಗೇ ಬಂತು. 10,450.

ಮುದುಕರು ಕೈ ಚಾಚಿದರು. ಅವಳು ಹಿಡಿದುಕೊಂಡಳು, ಟವೆಲಿನ ಮರೆ ಇಲ್ಲದೆ. ಆಮೇಲೆ ಅವರು ನನ್ನತ್ತ ನೋಡಿ, ಕಾರು ನೋಡಲು ಈ ಮೊದಲು ಮೂವರು ಬಂದಿದ್ದರು, ಟೈರಿನ ತಾರೀಖು ಓದಿದವರು ನೀವೊಬ್ಬರೇ ಎಂದರು. ಈ ಪ್ರಶಂಸೆಯನ್ನು ಇಲ್ಲಿ ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಕಾಗದಪತ್ರದ ಕೆಲಸ ನಮ್ಮಲ್ಲಿಯಷ್ಟಿಲ್ಲ. ನಮ್ಮಲ್ಲಿ ಫಾರಂ 29, 30, ಸಾಲವಿದ್ದರೆ 35, ಜೊತೆಗೆ ಆರ್‌ಟಿಓ ಕಚೇರಿಯ ಹೊರಗೆ ಮರದ ಕೆಳಗೆ ಕೂತ ಮಹನೀಯರು. ಅಲ್ಲಿ ಕಾರಿನ ಒಡೆತನದ ಪತ್ರಕ್ಕೆ ಪಿಂಕ್ ಸ್ಲಿಪ್ ಎನ್ನುತ್ತಾರೆ, ಹೆಸರಿಗೆ ಮಾತ್ರ ಗುಲಾಬಿ. ಅದರ ಮೇಲೆ ಮಾರುವವರ ರುಜು, ಕೊಳ್ಳುವವರ ರುಜು. ಹೊಗೆ ತಪಾಸಣೆ ಮಾಡಿಸಿ ಕೊಡುವುದು ಮಾರುವವರ ಜವಾಬ್ದಾರಿ, ಮೂರು ತಿಂಗಳ ಒಳಗಿನದಾಗಿರಬೇಕು. ಮಾರಿದವರು ಐದು ದಿನದಲ್ಲಿ ಇಲಾಖೆಗೆ ತಿಳಿಸಬೇಕು, ಕೊಂಡವರು ಹತ್ತು ದಿನದಲ್ಲಿ ಹೆಸರು ಬದಲಿಸಿಕೊಳ್ಳಬೇಕು. ಬ್ಯಾಂಕಿನ ಚೆಕ್ಕು ಕೊಟ್ಟಾಯಿತು. ಮುದುಕರು ಕೀಲಿ ಕೊಟ್ಟರು, ಇನ್ನೊಂದು ಕೀಲಿ ಎಲ್ಲಿಟ್ಟೆನೆಂದು ಹುಡುಕಾಡಿ ಅದನ್ನೂ ತಂದುಕೊಟ್ಟರು. ಬೆಡ್‌ಷೀಟನ್ನು ಮಡಚಿ ಡಿಕ್ಕಿಯಲ್ಲಿಟ್ಟರು. ಗ್ಯಾರೇಜಿನ ಬಾಗಿಲನ್ನು ನಾವು ಹೊರಡುವ ಮೊದಲೇ ಇಳಿಸಿಬಿಟ್ಟರು.

ದಾರಿಯಲ್ಲಿ ಮಗಳು ಬೇಕೆಂದೇ ಹೆದ್ದಾರಿ ಬಿಟ್ಟು ನೈಲ್ಸ್ ಕಣಿವೆಯ ಹಳೆಯ ರಸ್ತೆ ಹಿಡಿದಳು. ಹೊಳೆಯ ಪಕ್ಕದಲ್ಲೇ ಸುತ್ತಿ ಬಳಸಿ ಹೋಗುವ ರಸ್ತೆ, ಎರಡು ಕಡೆಯೂ ಗುಡ್ಡ, ಮೇ ತಿಂಗಳಿಗೆ ಹುಲ್ಲು ಒಣಗಿ ಹೊಂಬಣ್ಣ. ಕಣಿವೆ ಮುಗಿಯುವಲ್ಲಿರುವ ನೈಲ್ಸ್ ಊರಿನಲ್ಲಿ 1915ರಲ್ಲಿ ಚಾರ್ಲಿ ಚಾಪ್ಲಿನ್ ಇದ್ದು 'ದಿ ಟ್ರ್ಯಾಂಪ್' ಚಿತ್ರ ತೆಗೆದನಂತೆ. ಛಾವಣಿ ಮಡಿಸಿದ್ದಳು. ಸೀಟು ಎಷ್ಟು ತಗ್ಗೆಂದರೆ ಚಾಪೆಯ ಮೇಲೆ ಕೂತು ಜಾರಿದಂತೆ. ಸೆರಗನ್ನು ತಲೆಗೆ ಸುತ್ತಿ ಗಂಟು ಹಾಕಿಕೊಂಡೆ. ಒಂದೊಂದು ತಿರುವಿಗೂ ಅವಳ ಕೈ ತಾನಾಗಿ ಗೇರಿಗೆ ಹೋಗುತ್ತಿತ್ತು. ಥೇಟು ಅವಳಪ್ಪನ ಕೈ.

ಯೆಜ್ಡಿಯ ಕಥೆ ಅವಳಿಗೆ ಆಗ ಹೇಳಿದೆ. ಗಾಳಿಯಲ್ಲಿ ಕೂಗಿ ಕೂಗಿ ಹೇಳಬೇಕಾಯಿತು. ಮನೆಯಲ್ಲಿ ಹಳೆಯ ಫೋಟೋ ನೋಡಿದ್ದಳಂತೆ, ಯಾರದೋ ಗಾಡಿ ಎಂದುಕೊಂಡಿದ್ದಳಂತೆ. ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಅಪ್ಪನಿಗೆ ಫೋನ್ ಮಾಡಮ್ಮ" ಎಂದಳು.

ಮನೆ ಮುಟ್ಟಿದಾಗ ನಾಲ್ಕೂವರೆ. ಮೈಸೂರಿನಲ್ಲಿ ಬೆಳಗಿನ ಐದು, ಇವರು ಎದ್ದು ಡಿಕಾಕ್ಷನ್ನಿಗೆ ಇಟ್ಟಿರುವ ಹೊತ್ತು. ಎಷ್ಟಾಯಿತು ಎಂದು ಕೇಳುತ್ತಾರೆಂದು ಎಂಬತ್ತೆರಡರಿಂದ ಗುಣಿಸಿ ಉತ್ತರ ಸಿದ್ಧಮಾಡಿಕೊಂಡಿದ್ದೆ. ಅವರು ಕೇಳಿದ್ದು, "ಎಷ್ಟು ಓಡಿದೆಯೇ?" ಎಂದು. ಹೇಳಿದೆ. "ಮೀಟರ್ ನಂಬಬಹುದೇನೇ?" ನಾನೇ ತಾಳೆ ನೋಡಿದೆ ಎಂದೆ. "ಸೌಂಡ್ ಹೇಗಿದೆ?" ಎಂದರು. ಮಗಳು ನನ್ನ ಕೈಯಿಂದ ಫೋನು ಕಿತ್ತುಕೊಂಡು, ಕಾರಿನ ಹಿಂದೆ ಬಗ್ಗಿ ಸೈಲೆನ್ಸರಿನ ಬಳಿ ಹಿಡಿದು, ಆಕ್ಸಿಲರೇಟರು ಮೆಲ್ಲಗೆ ಒತ್ತುವಂತೆ ನನಗೆ ಸನ್ನೆ ಮಾಡಿದಳು. ಜನ್ಮದಲ್ಲಿ ಮೊದಲ ಬಾರಿಗೆ ಡ್ರೈವರ್ ಸೀಟಿನಲ್ಲಿ ಕೂತು ನಾನು ಕಾಲು ಒತ್ತಿದೆ. ಸಾಕು ಎಂದು ಅವಳು ಕೈ ತೋರಿಸಿದರೂ ಇನ್ನೂ ಸ್ವಲ್ಪ ಒತ್ತಿದೆ.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಪುಟ್ಟೀ, ಬೆಲ್ಟು ಈ ವಾರವೇ ಹಾಕ್ಸಿಬಿಡಮ್ಮ, ಮುಂದಕ್ಕೆ ಹಾಕ್ಬೇಡ" ಎಂದು ಇವರ ದನಿ ಬಂತು.

ಕಂದು ಲಕೋಟೆ ಸೂಟ್‌ಕೇಸಿನ ಅಡಿಯಲ್ಲೇ ಇತ್ತು. ಮೇ 26ರಂದು ಅದರ ಮೇಲೆಯೇ ಸೀರೆಗಳನ್ನು ಜೋಡಿಸಿಕೊಂಡು ಊರಿಗೆ ಹೊರಟೆ. ಸೂಟ್‌ಕೇಸು ಆ ಕಾರಿನ ಡಿಕ್ಕಿಯಲ್ಲಿ ಹಿಡಿಸದೆ, ವಿಮಾನ ನಿಲ್ದಾಣಕ್ಕೆ ಮತ್ತೆ ಅವಳ ಸ್ನೇಹಿತೆಯ ಕಾರನ್ನೇ ಕರೆಸಬೇಕಾಯಿತು.